ಕೇಳಿದವರ ಪಟ್ಟಿ

ಕೊಳ್ಳೇಗಾಲದ ನೇಕಾರರ ಬೀದಿಯ ರಾಮಲಿಂಗಯ್ಯನಿಗೆ ಇಂಗ್ಲಿಷ್ ಹಾಡಿನ ಹುಚ್ಚು ಹಿಡಿದದ್ದು ಅವನ ರೇಡಿಯೋದ ಮುಳ್ಳು ಸಿಕ್ಕಿಹಾಕಿಕೊಂಡದ್ದರಿಂದ. ಇದನ್ನು ಅವನು ಬಹಳ ದಿನ ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಒಪ್ಪಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ರೇಡಿಯೋ ಬಂದದ್ದು ಎಪ್ಪತ್ತನೆಯ ಇಸವಿಯಲ್ಲಿ. ಮೈಸೂರಿನಲ್ಲಿ ಯಾರೋ ರಿಟೈರಾದ ಸಾಹೇಬರು ಮನೆ ಖಾಲಿ ಮಾಡುವಾಗ ಮಾರಿದ ಹಳೆಯ ಪೆಟ್ಟಿಗೆ ಅದು. ರಾಮಲಿಂಗಯ್ಯ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ನರಸೀಪುರದ ಹತ್ತಿರ ಬಸ್ಸು ಕುಲುಕಿದಾಗಲೆಲ್ಲ ಅದರ ಬೆನ್ನು ಸವರುತ್ತ ತಂದಿದ್ದ. ಅಂದು ಸಂಜೆ ಬೀದಿಯ ಮಗ್ಗಗಳೆಲ್ಲ ನಿಂತವು. ಪಕ್ಕದ ಮನೆಯ ದೇವಣ್ಣ, ಅವನ ತಾಯಿ ದೇವೀರಮ್ಮ, ಎದುರು ಮನೆಯ ಸುಬ್ಬಯ್ಯ, ಅವನ ಹೆಂಡತಿ ವಸಂತಮ್ಮ ಎಲ್ಲರೂ ನಡುಮನೆಯಲ್ಲಿ ಬಂದು ಕುಳಿತರು. ರಾಮಲಿಂಗಯ್ಯ ಅರ್ಧ ಗಂಟೆ ರೇಡಿಯೋದ ಗುಣಗಾನ ಮಾಡಿ, ಕೊನೆಗೆ ತಿರುಗಣೆ ಹಿಡಿದ. ಒಬ್ಬರು ವಾರ್ತೆ ಹಾಕು ಅಂದರು, ಇನ್ನೊಬ್ಬರು ದೇವರನಾಮ ಹಾಕು ಅಂದರು. ಆ ಗಡಿಬಿಡಿಯಲ್ಲಿ ಅವನು ಮಗ್ಗದ ಕುಂಟೆ ಬಿಗಿಯುವವನ ಹಾಗೆ ತಿರುಗಣೆಯನ್ನು ಬಿಗಿದುಬಿಟ್ಟ. ಒಳಗೆ ಏನೋ 'ಟಣ್' ಅಂದಿತು. ಮುಳ್ಳು ಬಲತುದಿಗೆ ಹೋಗಿ ನಿಂತಿತು. ಮತ್ತೆ ಅಲುಗಲಿಲ್ಲ.

ಮುಳ್ಳು ನಿಂತ ಜಾಗದಲ್ಲಿ ಲಂಕೆಯ ಕಡೆಯಿಂದ ಬರುವ ಯಾವುದೋ ಸ್ಟೇಷನ್ನು ಇತ್ತು. ಅಲ್ಲೊಬ್ಬ ಗಂಡಸು ಕಾಲಿನ ಮೇಲೆ ರುಬ್ಬುಗುಂಡು ಬಿದ್ದವನ ಹಾಗೆ ಕೂಗಿಕೊಳ್ಳುತ್ತಿದ್ದ. ಅವನ ಹಿಂದೆ ಕರೆಂಟಿನ ಗಿಟಾರು ಗರಗಸ ಎಳೆಯುತ್ತಿತ್ತು.

"ಏನಪ್ಪಾ ಇದು, ಯಾರ್ಗೋ ಒಡೀತಾವ್ರಾ?" ಎಂದು ಸುಬ್ಬಯ್ಯ ಕೇಳಿದ.

ಮುಳ್ಳು ಕೆಟ್ಟಿತು ಎಂದು ಹೇಳಬಹುದಿತ್ತು. ಆದರೆ ಅರ್ಧ ಗಂಟೆ ಹೊಗಳಿದ ಬಾಯಿ ಅಷ್ಟು ಬೇಗ ತಿರುಗಲಿಲ್ಲ.

"ಇಂಗ್ಲಿಷ್ ಸಂಗೀತ ಕಣ್ಲಾ ಇದು. ನಾನು ಬೇಕು ಅಂತ್ಲೇ ಇಲ್ಲಿ ನಿಲ್ಸಿವ್ನಿ. ಇದ ಕೇಳಕ್ಕೇ ಅಲ್ವಾ ಪೆಟ್ಗೆ ತಂದಿದ್ದು?"

"ನಿಂಗ ಇಂಗ್ಲಿಷ್ ಬತ್ತದಾ?"

"ಬರ್ದೆ ಏನು?"

'ಬರ್ದೆ ಏನು' ಎಂಬುದು ಬಹಳ ಉಪಯೋಗದ ಮಾತು. ಅದರಲ್ಲಿ ಬರುತ್ತದೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ರಾಮಲಿಂಗಯ್ಯ ಮಿಡ್ಲ್ ಸ್ಕೂಲಿನಲ್ಲಿ ಎರಡು ವರ್ಷ ಓದಿದವನು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲವನಾಗಿದ್ದ. ಕೂಡಿಸಿದ ಮೇಲೆ ಏನಾಯಿತು ಎಂಬುದು ಅವನ ಕೈಯಲ್ಲಿರಲಿಲ್ಲ.

ಹೇಳಿದ ಮಾತಿಗಾಗಿ ಅವನು ದಿನವೂ ಆ ಪೆಟ್ಟಿಗೆಯನ್ನು ಹಚ್ಚಲೇಬೇಕಾಯಿತು. ಮೆಲ್ಲಗೆ ಹಚ್ಚಿದರೆ ಇಷ್ಟವಿಲ್ಲ ಅಂದುಕೊಂಡಾರು ಎಂದು ಜೋರಾಗಿಯೇ ಹಚ್ಚಿದ. ಮೊದಲ ತಿಂಗಳು ಅವನಿಗೆ ತಲೆನೋವು ಬಂತು. ಎರಡನೆಯ ತಿಂಗಳು ಅವನಿಗೆ ಗೊತ್ತಿಲ್ಲದೆಯೇ ಮಗ್ಗ ತುಳಿಯುವ ಕಾಲುಮಣೆಯ ಮೇಲಿನ ಕಾಲು ಆ ಡೋಲಿನ ಜೊತೆ ಹೋಗತೊಡಗಿತು. ದೀಪಾವಳಿಯ ಹೊತ್ತಿಗೆ, ಒಂದು ಭಾನುವಾರ, ಯಾರೋ ಒಬ್ಬ ಹೆಂಗಸು ನೆಲದಿಂದ ನೀರು ಸೇದುವವಳ ಹಾಗೆ ದನಿ ಎಳೆದು ಹಾಡುತ್ತಿದ್ದಾಗ, ರಾಮಲಿಂಗಯ್ಯ ಲಾಳಿಯನ್ನು ಕೈಯಲ್ಲೇ ಹಿಡಿದು ಹಾಡು ಮುಗಿಯುವವರೆಗೆ ಎಸೆಯಲಿಲ್ಲ. ಅವನ ಹೆಂಡತಿ ಅನಸೂಯಮ್ಮ ಒಳಗಿನಿಂದ ಬಂದು, ಕಣ್ಣಿಗೆ ಏನು ಬಿತ್ತು ಎಂದು ಕೇಳಿದಳು.

ಆ ಮೇಲೆ ಅವನು ಆ ಸಂಗೀತದಲ್ಲಿ ವಿದ್ವಾಂಸನೇ ಆದ. ರೇಡಿಯೋದವನು ಕೆಲವು ಹಾಡನ್ನು 'ಸೋಲ್' ಎಂದೂ ಕೆಲವನ್ನು 'ರಾಕ್' ಎಂದೂ ಹೇಳುತ್ತಿದ್ದ. ರಾಮಲಿಂಗಯ್ಯ ಯೋಚಿಸಿ ಅರ್ಥ ಕಟ್ಟಿದ. ಬದುಕಿನಲ್ಲಿ ಸೋತವರು ಹಾಡಿದ್ದು ಸೋಲು. ಸೋತಿದ್ದನ್ನು ಒಪ್ಪದೆ ಕಿರುಚಾಡುವವರು ಹಾಡಿದ್ದು ರಾಕು. ಈ ಸೂತ್ರ ಹಿಡಿದು ಕೇಳಿದರೆ ಒಂದು ಹಾಡೂ ತಪ್ಪುತ್ತಿರಲಿಲ್ಲ.

ಕೊರತೆ ಒಂದೇ. ಹಂಚಿಕೊಳ್ಳಲು ಜನ ಇರಲಿಲ್ಲ. ಒಂದು ಸಲ ಸುಬ್ಬಯ್ಯನನ್ನು ರಟ್ಟೆ ಹಿಡಿದು ಕೂರಿಸಿ, "ಈಗ ಬತ್ತದೆ ನೋಡು, ಮೂರ್ನೇ ಸಾಲಲ್ಲಿ ಅವ್ನ ಗಂಟ್ಲು ಒಡೀತದೆ, ಕೇಳು" ಅಂದ.

"ಗಂಟ್ಲು ಒಡುದ್ರೆ ಕಷಾಯ ಕುಡೀಲಿ, ನಾನೇನ ಮಾಡ್ಲಿ?" ಎಂದು ಸುಬ್ಬಯ್ಯ ಎದ್ದುಹೋದ.

ಹಬ್ಬದ ಅಡಿಗೆ ಮಾಡಿಟ್ಟುಕೊಂಡು ಒಬ್ಬನೇ ಎಲೆ ಮುಂದೆ ಕೂತ ಹಾಗೆ ಆಗುತ್ತಿತ್ತು ರಾಮಲಿಂಗಯ್ಯನಿಗೆ.

ಎಪ್ಪತ್ತೆರಡರ ಬೇಸಗೆಯಲ್ಲಿ ಅವನು ಧೈರ್ಯ ಮಾಡಿ ರೇಡಿಯೋಕ್ಕೆ ಕಾಗದ ಬರೆದ. ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕೇಳುಗರು ಬಯಸಿದ ಹಾಡು ಹಾಕುತ್ತಿದ್ದರು. ಒಬ್ಬೊಬ್ಬರೇ ಬರೆದರೆ ಬುಟ್ಟಿಗೆ, ಸಂಘದವರು ಬರೆದರೆ ಮೊದಲು, ಎಂದು ರೇಡಿಯೋದವನು ಹೇಳಿದ ಹಾಗೆ ಅವನಿಗೆ ಕೇಳಿಸಿತು. ಹಾಗಾಗಿ ಆ ಕ್ಷಣದಲ್ಲೇ ಸಂಘ ಹುಟ್ಟಿತು. ಕೊಳ್ಳೇಗಾಲ ಇಂಗ್ಲಿಷ್ ಗೀತ ಕೇಳುಗರ ಸಂಘ. ಅಧ್ಯಕ್ಷ, ರಾಮಲಿಂಗಯ್ಯ. ಸದಸ್ಯರು ಬೇಕಲ್ಲ? ಅತ್ತ ಗೋಡೆ ನೋಡಿ ದೇವಣ್ಣ, ದೇವೀರಮ್ಮ ಎಂದು ಬರೆದ. ಕಿಟಕಿಯಾಚೆ ನೋಡಿ ಸುಬ್ಬಯ್ಯ ಎಂದು ಬರೆದ. ಅಡಿಗೆಮನೆ ಕಡೆ ನೋಡಿ ಅನಸೂಯಮ್ಮ ಎಂದು ಬರೆದ. ವಸಂತಮ್ಮನ ಹೆಸರು ಬರೆಯಬೇಕೆನ್ನುವಷ್ಟರಲ್ಲಿ ಕಾಗದ ಮುಗಿಯಿತು.

ಐದು ವಾರ ಏನೂ ಆಗಲಿಲ್ಲ. ಆರನೆಯ ಭಾನುವಾರ, ಬೀದಿಯವರೆಲ್ಲ ಉಂಡು ಜಗಲಿಗಳ ಮೇಲೆ ಕಾಲು ಚಾಚಿದ್ದ ಹೊತ್ತಿನಲ್ಲಿ, ಕಿಟಕಿಯಲ್ಲಿದ್ದ ರೇಡಿಯೋ ಇಂಗ್ಲಿಷಿನ ಮಧ್ಯೆ ಇದ್ದಕ್ಕಿದ್ದ ಹಾಗೆ ಹೇಳಿತು:

"ಪ್ರೆಸಿಡೆಂಟ್ ರಾಮಾಲಿಂಗೇಯಾ... ಡೇವಾನಾ... ಸೂಬಾಯಾ... ಆನಾಸೂಯಾಮಾ... ಆಂಡ್ ಡೀವೀರಾಮಾ... ಕೊಲಿಗಾಲ್!"

ಹಾಡು ಶುರುವಾಯಿತು. ಅದನ್ನು ಯಾರೂ ಕೇಳಲಿಲ್ಲ. ರಾಮಲಿಂಗಯ್ಯನೂ ಕೇಳಲಿಲ್ಲ. ಆರು ವಾರದಿಂದ ಕಾದ ಹಾಡು ಅದು. ಆದರೆ ಎದುರಿಗೆ ಅನಸೂಯಮ್ಮ ನಿಂತಿದ್ದಳು.

"ಹದಿನೆಂಟು ವರ್ಸದಲ್ಲಿ ಒಂದು ದಿನ ನನ್ನೆಸ್ರ ಇಡ್ದು ಕರೆದೋರಲ್ಲ ನೀವು. 'ಏ', 'ಇವ್ಳೇ', 'ಕೇಳ್ತಾ' ಅಂತ್ಲೇ ಬದುಕ್ಬುಟ್ರಿ. ಈಗ ಯಾರೋ ಪರದೇಶಿ ಬಾಯಲ್ಲಿ ಊರಿಗೆಲ್ಲ ಕೇಳೋಂಗೆ ಕರೆಸಿದ್ರಾ?"

ಅವನು ಪಿಸುಮಾತಿನಲ್ಲಿ ಇದ್ದದ್ದು ಇದ್ದ ಹಾಗೆ ಅವಳಿಗೆ ಹೇಳಿದ. ಅವಳು ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಬೀದಿ ಬಾಗಿಲಿಗೆ ಬಂದಿತ್ತು.

"ಲೇ ರಾಮ್ಲಿಂಗಾ, ನಮ್ಮೆಸ್ರ ಯಾಕ್ಲಾ ಓದುದ್ರು ಆ ರಾವಣನ ಊರ್ನೋರು?" ಎಂದು ದೇವಣ್ಣ ಕೇಳಿದ. "ನಿಂಗೆ ಇಂಗ್ಲಿಷ್ ಬತ್ತದಲ್ಲ, ಏಳು."

ರಾಮಲಿಂಗಯ್ಯನಿಗೆ ಕೇಳದೆ ಹೆಸರು ಬರೆದೆ ಎನ್ನಲು ಬಾಯಿ ಬರಲಿಲ್ಲ. ಸುಳ್ಳು ಹೇಳಲೂ ಬರಲಿಲ್ಲ. "ಅದು... ಕೇಳಿದವರ ಪಟ್ಟಿ ಕಣ್ರಪ್ಪಾ" ಎಂದ.

ಹಾಡು ಕೇಳಿದವರ ಪಟ್ಟಿ ಎಂಬುದು ಅವನ ಅರ್ಥ. ಬೀದಿಯವರಿಗೆ ಆ ಅರ್ಥ ಹೊಳೆಯಲು ಕಾರಣವಿರಲಿಲ್ಲ. ಅವರಿಗೆ ಯಾವ ಊರಿನ ರೇಡಿಯೋ ಆದರೂ ಸರ್ಕಾರದ್ದೇ, ಸರ್ಕಾರ ಪಟ್ಟಿ ಓದುತ್ತದೆ ಎಂದರೆ ಅರ್ಜಿ ಹಾಕಿ ಕೇಳಿದವರ ಪಟ್ಟಿ. ಕೇಳಿದವರು ಅಂದಮೇಲೆ ಕೊಡುವವರು ಇರಲೇಬೇಕು.

"ಏನ ಕೇಳಿದೋರು?" ಎಂದ ಸುಬ್ಬಯ್ಯ.

"ಅದ... ಆಮೇಲೆ ಏಳ್ತೀನಿ. ಹಾಸಿನ ಎಳೆ ಸಿಕ್ಕಾಗದೆ" ಎಂದು ರಾಮಲಿಂಗಯ್ಯ ಒಳಗೆ ಓಡಿ, ಕಾಲು ಇಳಿಬಿಟ್ಟು ನೇಯಲು ತೋಡಿದ್ದ ಮಗ್ಗದ ಗುಂಡಿಗೆ ಇಳಿದ.

ಅವನು ಇಳಿದದ್ದೇ ತಪ್ಪಾಯಿತು. ಉತ್ತರ ಸಿಗದ ಪ್ರಶ್ನೆಗೆ ಬೀದಿಯೇ ಉತ್ತರ ಕಟ್ಟಿತು. ಆ ವರ್ಷ ನೇಕಾರರಿಗೆ ಹೊಸ ಮನೆ ಕೊಡುತ್ತಾರಂತೆ ಎಂಬ ಸುದ್ದಿ ಬಹಳ ದಿನದಿಂದ ಗಾಳಿಯಲ್ಲಿತ್ತು. ಸಂಜೆಯೊಳಗೆ ಅದು ನೆಲಕ್ಕಿಳಿಯಿತು. ಮೂರು ಮನೆ ಮಂಜೂರಾಗಿವೆ. ರಾಮಲಿಂಗಯ್ಯನಿಗೆ ಎಲ್ಲ ಗೊತ್ತು. ಹೇಳಿದರೆ ದೃಷ್ಟಿಯಾದೀತೆಂದು ಬಚ್ಚಿಡುತ್ತಿದ್ದಾನೆ.

ಮೊದಲು ಜಗಳ ಹುಟ್ಟಿದ್ದು ಸುಬ್ಬಯ್ಯನ ಮನೆಯಲ್ಲಿ. "ನಿಮ್ಮೆಸ್ರು ಅದೆ, ನನ್ನೆಸ್ರಿಲ್ಲ. ಅಂದ್ರೆ ಹೊಸ ಮನೆಗೆ ನಾನು ಬ್ಯಾಡ್ವಾ?" ಎಂದು ವಸಂತಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ರಾಮಲಿಂಗಯ್ಯನ ಮನೆಗೆ ಬಂದು, ಒಂದು ಬಟ್ಟಲು ಹುಳಿ ಅವರೆಕಾಳು ಇಟ್ಟು, ಹೆಸರು ಸೇರಿಸಲು ಯಾರನ್ನು ಕಾಣಬೇಕೆಂದು ಕೇಳಿದಳು. ಅನಸೂಯಮ್ಮ ಗಂಡನ ಕಡೆ ಒಂದು ನೋಟ ನೋಡಿದಳು. ಆ ನೋಟದಲ್ಲಿ ಹುಳಿ ಇದ್ದಷ್ಟು ಬಟ್ಟಲಿನಲ್ಲಿ ಇರಲಿಲ್ಲ.

ದೇವೀರಮ್ಮನದು ಬೇರೆ ತಕರಾರು. ಅವಳಿಗೆ ಎಪ್ಪತ್ತು ದಾಟಿತ್ತು. "ನಾನು ಉಟ್ಟಿದ್ದಾಗ್ಲಿಂದ ಯಾರ್ನೂ ಏನೂ ಕೇಳ್ದೋಳಲ್ಲ. ನನ್ನೆಸ್ರಲ್ಲಿ ಕೇಳ್ದೋರು ಯಾರ್ಲಾ?" ಎಂದು ಮಗನನ್ನು ಬೈದಳು.

ದೇವಣ್ಣನಿಗೆ ಆ ಬೈಗುಳ ಕೇಳಿಸಲಿಲ್ಲ. ಅವನು ಸುಬ್ಬಯ್ಯನನ್ನು ಕರೆದುಕೊಂಡು ಕಚೇರಿಗೆ ಹೊರಟಿದ್ದ. ಯಾವ ಕಚೇರಿ ಎಂದು ಹೇಳುವುದು ಬೇಡ. ಅಲ್ಲಿನ ಗುಮಾಸ್ತ ಕನ್ನಡಕ ಏರಿಸಿ ಕೇಳಿದ.

"ಏನು ಕೇಳಿದ್ರಿ?"

"ಅದೇ ಗೊತ್ತಿಲ್ಲ ಸಾ" ಎಂದ ದೇವಣ್ಣ. "ಆದ್ರೆ ಪಟ್ಟಿ ಓದವ್ರೆ."

"ಕೇಳಿದ್ದು ಐವತ್ತಾರಕ್ಕೆ ಮುಂಚೆಯೋ ಆಮೇಲೋ?"

ದೇವಣ್ಣ ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ. ಗುಮಾಸ್ತ ಕಾಯಲಿಲ್ಲ.

"ಮುಂಚೆ ಆದ್ರೆ ಫೈಲು ಕೊಯಮತ್ತೂರಲ್ಲೇ ಉಳಿದಿರುತ್ತೆ. ರಾಜ್ಯ ಬದಲಾದಾಗ ಎಷ್ಟೋ ಬರಲಿಲ್ಲ. ಆಮೇಲೆ ಆದ್ರೆ ಮೈಸೂರಿಗೆ ಹೋಗಿದೆ. ಎರಡು ವಾರ ಬಿಟ್ಟು ಬನ್ನಿ."

ಗುಮಾಸ್ತನಿಗೆ ಇದೆಲ್ಲ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ಮಾತ್ರ ಅವನ ಕಚೇರಿಯಲ್ಲಿ ಚಲಾವಣೆಯಲ್ಲಿರಲಿಲ್ಲ. ದೇವಣ್ಣ ಬಸ್ಸ್ಟ್ಯಾಂಡಿನಿಂದ ಬೀದಿಯವರೆಗೆ ಓಡುತ್ತಲೇ ಬಂದ. "ಫೈಲು ಅದೆ! ಮೈಸೂರ್ಗೆ ಓಗದೆ!"

ಮಾರನೆಯ ಬೆಳಿಗ್ಗೆ ರಾಮಲಿಂಗಯ್ಯ ಹಿತ್ತಲಿಗೆ ಬಂದು ನೋಡುತ್ತಾನೆ, ದೇವಣ್ಣ ತನ್ನ ಮನೆಯ ಹಿಂಭಾಗದ ಮಾಡಿನ ಮೇಲೆ ಕೂತು ನಾಡಹೆಂಚು ಬಿಚ್ಚುತ್ತಿದ್ದಾನೆ.

"ಏನ ಮಾಡ್ತಿದ್ದೀಯ ದೇವಣ್ಣಾ?"

"ಹೊಸ ಮನೆ ಬರೋ ಒತ್ತಿಗೆ ಹೆಂಚು ಕೆಳುಗ್ ಇಳ್ಸಿರ್ತೀನಿ. ಆಮ್ಯಾಕೆ ಅವಸರ ಆಗ್ಬಾರ್ದಲ್ಲ."

ರಾಮಲಿಂಗಯ್ಯ ಬಾಯಿ ತೆರೆದ. ಹೆಂಚುಗಳನ್ನು ಜೋಡಿಸಿಡುತ್ತಿದ್ದ ದೇವೀರಮ್ಮ ಅವನ ಕಡೆ ನೋಡಿದಳು. ಅವನು ಬಾಯಿ ಮುಚ್ಚಿದ. ಇದು ಅವನ ಜೀವನದ ಅತ್ಯಂತ ಹೇಡಿ ಮುಂಜಾನೆ. ಮುಂದೆ ಅವನೇ ಹಾಗೆ ಹೇಳುತ್ತಿದ್ದ. ಆ ವಾರವೆಲ್ಲ ಅವನು ರೇಡಿಯೋ ಹಚ್ಚಲಿಲ್ಲ. ತಲೆಯೆತ್ತಿ ಆಕಾಶ ನೋಡುವುದೇ ಕೆಲಸವಾಯಿತು. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ದಿನಕ್ಕಿಷ್ಟು ಮೋಡ ಕಟ್ಟುತ್ತಿತ್ತು.

ಭಾನುವಾರ ಹನ್ನೊಂದು ಗಂಟೆಗೆ ಬೀದಿಯ ತುದಿಯಲ್ಲಿ ಖಾಕಿ ಕಂಡಿತು.

ಖಾಕಿ ಅಂಗಿ, ಖಾಕಿ ಚಡ್ಡಿ, ಹೆಗಲಿಗೊಂದು ಕೈಚೀಲ, ಕೈಯಲ್ಲಿ ಮಡಿಸಿದ ಕಾಗದ. ನಲವತ್ತರ ಆಸುಪಾಸಿನ ಬಡಕಲು ಮನುಷ್ಯ. ಅವನು ಮೊದಲ ಜಗಲಿಯ ಮುಂದೆ ನಿಂತು ಕಾಗದ ಬಿಡಿಸಿ, "ದೇವಣ್ಣನೋರು, ಸುಬ್ಬಯ್ಯನೋರು ಇರೋದು ಇದೇ ಬೀದೀಲಾ ಸಾ?" ಎಂದು ಕೇಳಿದ್ದೇ ತಡ, ಸುದ್ದಿ ಅವನಿಗಿಂತ ಮುಂದೆ ಓಡಿತು. ಪಟ್ಟಿ ಹಿಡಿದು ಆಫೀಸರು ಬಂದವ್ರೆ! ದೇವಣ್ಣ ಒಗೆದ ಅಂಗಿ ಹಾಕಿಕೊಂಡು ಬಂದ. ಸುಬ್ಬಯ್ಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಂದ. ವಸಂತಮ್ಮ ಕುರ್ಚಿ ತಂದಳು.

ಬಂದವನು ಕೂರಲಿಲ್ಲ. ಎರಡೂ ಕೈಯಿಂದ ದೇವಣ್ಣನ ಕೈ ಹಿಡಿದುಕೊಂಡ.

"ನಿಮ್ಮನ್ನ ನೋಡಿದ್ದು ಬಾಳ ಸಂತೋಸ ಸಾ."

ದೇವಣ್ಣನನ್ನು ಖಾಕಿ ಹಾಕಿದವರು ಅಲ್ಲಿಯವರೆಗೆ ಸಾ ಎಂದಿರಲಿಲ್ಲ. ಅವನಿಗೆ ಮನೆ ಕಣ್ಣೆದುರಿಗೇ ಎದ್ದು ನಿಂತಂತಾಯಿತು.

"ನಿಮಗೆ ಯಾವ ತರದ್ದು ಇಷ್ಟ ಸಾ?" ಎಂದು ಖಾಕಿಯವನು ಕೇಳಿದ.

"ಕಲ್ಲಿಂದಾದ್ರೂ ಸೈ, ಇಟ್ಗೇದಾದ್ರೂ ಸೈ ಸಾಮಿ" ಎಂದು ದೇವಣ್ಣ ಕೈಮುಗಿದ.

ಖಾಕಿಯವನು ಒಂದು ಕ್ಷಣ ಯೋಚಿಸಿದ. "ಕಲ್ಲು ಅಂದ್ರೆ ರಾಕು. ಅದು ಸರಿ. ಇಟ್ಗೆ ಅನ್ನೋದು ನಾನು ಕೇಳಿಲ್ವಲ್ಲ ಸಾ. ಹೊಸದಾಗಿ ಬಂದದ್ದಾ?"

"ಹೊಸದೇ ಕೊಡಿ ಸಾ, ಹಳೇದು ಬ್ಯಾಡ" ಎಂದು ಸುಬ್ಬಯ್ಯ ನುಗ್ಗಿದ. "ಗಾಳಿ ಬೆಳಕು ಚೆನ್ನಾಗಿ ಬರೋಂಗಿರ್ಲಿ."

"ನನ್ನೆಸ್ರು ಬಿಟ್ಟೋಗದೆ ಸಾ, ಬರ್ಕಳಿ. ವಸಂತಮ್ಮ."

"ಅಯ್ಯೋ, ಅದಕ್ಕೇನಮ್ಮ, ಎಷ್ಟು ಜನ ಆದ್ರೆ ಅಷ್ಟು ಸಂತೋಸ" ಎಂದು ಅವನು ಕಾಗದದ ಕೊನೆಯಲ್ಲಿ ಬರೆದುಕೊಂಡ. ವಸಂತಮ್ಮ ಗಂಡನ ಕಡೆ ತಿರುಗಿ ನೋಡಿದ ನೋಟವನ್ನು ಬೀದಿಯೆಲ್ಲ ನೋಡಿತು.

"ಅಧ್ಯಕ್ಷರು ಎಲ್ಲಿ ಸಾ?"

ಅಧ್ಯಕ್ಷರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅನಸೂಯಮ್ಮ ಮಾತ್ರ, "ಅಧ್ಯಕ್ಷರು ಗುಂಡೀಲವ್ರೆ, ಒಳಗೆ ಬನ್ನಿ" ಎಂದಳು.

ರಾಮಲಿಂಗಯ್ಯ ನಿಜವಾಗಿಯೂ ಮಗ್ಗದ ಗುಂಡಿಯಲ್ಲಿ, ಅರ್ಧ ನೇಯ್ದ ಸೀರೆಯ ಅಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಬಂದವನು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಬೀದಿಯವರು ಬಾಗಿಲು, ಕಿಟಕಿ ತುಂಬಿ ನಿಂತರು.

"ಸಾ, ನನ್ನೆಸ್ರು ರಂಗನಾಯಕ. ಗೋಪಿನಾಥಂ ಕಡೆ ಫಾರೆಸ್ಟ್ ಗಾರ್ಡು. ನಂಗೂ ಈ ಇಂಗ್ಲಿಷ್ ಆಡುಗಳ ಉಚ್ಚು ಸಾ. ಮುಂಚೆ ಒಬ್ಬ ರೇಂಜರ್ ಸಾಹೇಬ್ರು ಇದ್ರು, ಓಗೋವಾಗ ಒಂದು ಟ್ರಾನ್ಸಿಸ್ಟರ್ ಕೊಟ್ಬುಟ್ಟು ಓದ್ರು. ನಮ್ಮ ಕಾಡಲ್ಲಿ ಕೆಳಗೆ ಕೂತ್ರೆ ಸ್ಟೇಷನ್ ಸಿಕ್ಕಲ್ಲ. ಉಣಸೇ ಮರ ಅತ್ತಿ ಕೂರ್ತೀನಿ. ಭಾನ್ವಾರ ಭಾನ್ವಾರ ಮರ ಅತ್ತಿ ಕೂತ್ಕಂಡು ತಲೆ ಆಡುಸ್ತಾನೆ ಅಂತ ಊರೋರು ಮಂತ್ರವಾದೀನ ಕರ್ಸುದ್ರು ಸಾ. ಅವ ಬೇವಿನ ಸೊಪ್ಪಲ್ಲಿ ಒಡುದ್ನೇ ಒರ್ತು, ಆಡು ಯಾವ್ದು ಅಂತ ಕೇಳ್ಲಿಲ್ಲ."

ಯಾರೋ ನಕ್ಕರು. ರಂಗನಾಯಕ ನಗಲಿಲ್ಲ.

"ನಾಲ್ಕು ವರ್ಸ ಒಬ್ನೇ ಕೇಳ್ದೆ ಸಾ. ಈ ಕಡೆಗೆಲ್ಲ ಇಂಥಾ ಉಚ್ಚ ನಾನೊಬ್ನೇ ಅಂದ್ಕಂಡಿದ್ದೆ. ಅವತ್ತು ರೇಡಿಯೋದಲ್ಲಿ ಕೊಳ್ಳೇಗಾಲ ಅಂದ್ರು. ಒಬ್ರಲ್ಲ, ಐದು ಜನ! ಒಂದೇ ಊರಲ್ಲಿ! ಮರದ ಮ್ಯಾಗೇ ಕಣ್ಣೀರು ಬಂದ್ಬುಡ್ತು ಸಾ. ಅಲ್ಲೇ ಎಸ್ರುಗಳ ಬರ್ಕಂಡೆ. ನಿನ್ನೆ ಬೆಳಿಗ್ಗೆ ಒರ್ಟು, ಹನೂರಲ್ಲಿ ಮಲಗಿದ್ದು, ಪೇಟೇಲಿ ಎಸ್ರು ಏಳಿ ಬೀದಿ ಕೇಳ್ಕಂಡು ಬಂದ್ನಿ. ಇಗಳಿ, ಕಾಡು ಜೇನು. ಐದು ಮನೆಗೂ ಆಗ್ಲಿ ಅಂತ ತಂದ್ನಿ."

ಅವನು ಕೈಚೀಲದಿಂದ ಒಂದೊಂದಾಗಿ ಐದು ಸೀಸೆ ತೆಗೆದು ಗುಂಡಿಯ ಅಂಚಿನ ಮೇಲೆ ಇಟ್ಟ.

ಬೀದಿಯವರಿಗೆಲ್ಲ ಹೇಳಬಹುದಿದ್ದ ಸುಳ್ಳನ್ನು ಆ ಸೀಸೆಗಳ ಮುಂದೆ ಹೇಳಲು ರಾಮಲಿಂಗಯ್ಯನಿಗೆ ಆಗಲಿಲ್ಲ. ಅವನು ಗುಂಡಿಯಿಂದ ಎದ್ದು ನಿಂತ. ತಲೆಗೆ ರೇಷ್ಮೆಯ ಎಳೆ ಅಂಟಿತ್ತು.

"ಸಂಘ ಇಲ್ಲ ರಂಗನಾಯಕ್ರೇ. ನಾನೊಬ್ನೇ. ಇವ್ರ ಎಸ್ರ ಇವ್ರನ್ನ ಕೇಳ್ದಂಗೆ ಬರ್ದೆ. ನಂಗೆ ಇಂಗ್ಲಿಷೂ ಬರಲ್ಲ. ಮುಳ್ಳು ಕೆಟ್ಟಿತ್ತು, ಅಲ್ಲೇ ನಿಂತ್ಕತು, ಕೇಳ್ತಾ ಕೇಳ್ತಾ ಪ್ರೀತಿ ಬಂದ್ಬುಡ್ತು." ಆಮೇಲೆ ಬಾಗಿಲ ಕಡೆ ತಿರುಗಿದ. "ದೇವಣ್ಣಾ, ಮನೆ ಇಲ್ಲ, ಫೈಲಿಲ್ಲ. ಆಡು ಕೇಳಿದೋರ ಪಟ್ಟಿ ಅದು. ನಾನು ಅವತ್ತೇ ಏಳ್ಬೇಕಿತ್ತು. ಏಳ್ನಿಲ್ಲ."

ರಂಗನಾಯಕ ತನ್ನ ಕಾಗದವನ್ನು ನಿಧಾನವಾಗಿ ಮಡಿಸತೊಡಗಿದ. ಎರಡು ದಿನದ ದಾರಿ ಬಂದವನು ಬೇಸರ ತೋರಿಸಬಾರದೆಂದು ಒದ್ದಾಡುತ್ತಿದ್ದ.

"ಹಂಗಾರೆ ನಾವು ಏನೂ ಕೇಳ್ನೇ ಇಲ್ವಾ?" ಎಂದು ಸುಬ್ಬಯ್ಯ ಪೆಚ್ಚಾಗಿ ಕೇಳಿದ.

"ಯಾಕ್ಲಾ ಕೇಳ್ನಿಲ್ಲ?"

ಎಲ್ಲರೂ ತಿರುಗಿದರು. ದೇವೀರಮ್ಮ ಜನರನ್ನು ಸರಿಸಿಕೊಂಡು ಒಳಗೆ ಬಂದಳು.

"ಎರಡು ವರ್ಸದಿಂದ ಗ್ವಾಡೆ ಮಗ್ಗುಲಲ್ಲಿ ಕೂತು ನೂಲು ಸುತ್ತೀನಿ. ಕಿವಿಗೆ ಬತ್ತಿ ಮಡಿಕಂಡಿದ್ನಾ? ಏನಪ್ಪಾ ಗಾರ್ಡು, ನೀನು ತಿಳ್ದೋನು, ಏಳು. ಆ ಎಣ್ಮಗಳಿಗೆ ಮಗ ಸಿಕ್ತಾ?"

"ಯಾವ ಎಣ್ಮಗಳಿಗಜ್ಜೀ?"

"ಅದೇ ಕಣಪ್ಪ. ಬೇಬಿ, ಬೇಬಿ ಅಂತ ಕರ್ದು ಕರ್ದು ಪದ ಏಳ್ತಾಳಲ್ಲ. ಪಾಪ, ಮಗೀನ ಕಳ್ಕಂಡವ್ಳೆ. ಈ ವಾರ ಇವ ಪೆಟ್ಗೆ ಅಚ್ನಿಲ್ಲ. ಸಿಕ್ತೋ ಇಲ್ವೋ ಅಂತ ನಂಗೆ ನಿದ್ದೆ ಬರ್ನಿಲ್ಲ." ಇಷ್ಟು ಹೇಳಿ ದೇವೀರಮ್ಮ ಕಣ್ಣು ಮುಚ್ಚಿ ಆ ಹಾಡಿನ ಎಳೆಯನ್ನು ಮೂಗಿನಲ್ಲೇ ಗುನುಗಿದಳು. ಒಂದು ತಿರುವೂ ತಪ್ಪಲಿಲ್ಲ.

ರಂಗನಾಯಕ ಎದ್ದುಬಂದು ಅವಳ ಕಾಲ ಬುಡದಲ್ಲಿ ಕೂತುಬಿಟ್ಟ. ಬೇಬಿ ಎಂದರೆ ಆ ಹಾಡಿನಲ್ಲಿ ಮಗುವಲ್ಲ, ಮನಸ್ಸಿಟ್ಟ ಗಂಡಸು ಎಂದು ಅವನಿಗೆ ಗೊತ್ತಿತ್ತು.

"ಇನ್ನೂ ಸಿಕ್ಕಿಲ್ಲಜ್ಜಿ" ಎಂದ. "ಉಡುಕ್ತಾನೇ ಅವ್ಳೆ."

"ಸಿಕ್ತದೆ ಬುಡು. ಅಷ್ಟು ಕರುದ್ಮೇಲೆ ಬರ್ದೆ ಎಲ್ಲೋಗ್ತದೆ?"

ಸುಬ್ಬಯ್ಯ ಕೆಮ್ಮಿದ. "ಒಂದದೆ ಅಲ್ವಾ, ಡಬಡಬ ಡಬ್ ಅಂತ ಶುರುವಾಗೋದು? ನಮ್ಮ ಮಾರಿಹಬ್ಬದ ತಮಟೆ ತರ?" ಎಂದು ಯಾರ ಮುಖವನ್ನೂ ನೋಡದೆ ಹೇಳಿದ. "ಅದು ಬಂದಾಗ ಲಾಳಿ ತಾನಾಗೇ ಓಯ್ತದೆ. ಬೆರಳಗಲ ಜಾಸ್ತಿ ನೇಯ್ತೀನಿ ಅವತ್ತು."

"ಕಷಾಯ ಕುಡೀಲಿ ಅಂದ್ಯಲ್ಲಾ!" ಎಂದ ರಾಮಲಿಂಗಯ್ಯ.

"ಅಂದೆ. ಈಗೇನು?"

ವಸಂತಮ್ಮ ತನಗೆ ಗಂಡಸರು ಒಟ್ಟಿಗೆ ಊಳಿಡುವ ಹಾಡು ಇಷ್ಟವೆಂದೂ, ತನ್ನ ಹೆಸರು ಈಗ ಬರೆದಾಗಿದೆಯಾದ್ದರಿಂದ ಅಳಿಸಬಾರದೆಂದೂ ಹೇಳಿದಳು. ಅನಸೂಯಮ್ಮ ಸೋಲು ಯಾವುದು ರಾಕು ಯಾವುದು ಎಂದು ಗಂಡನ ಸೂತ್ರವನ್ನು ರಂಗನಾಯಕನಿಗೆ ಒಪ್ಪಿಸಿದಳು. ರೇಂಜರ್ ಸಾಹೇಬರು ಸೋಲ್ ಎಂದರೆ ಆತ್ಮ ಎಂದು ಹೇಳಿದ್ದರಂತೆ. ರಂಗನಾಯಕ ಸ್ವಲ್ಪ ಹೊತ್ತು ತಲೆ ತೂಗಿ, ನಿಮ್ಮ ಅರ್ಥವೇ ಹಾಡಿಗೆ ಹೆಚ್ಚು ಒಪ್ಪುತ್ತದೆ ಎಂದ.

ಉಳಿದವನು ದೇವಣ್ಣ. ಎಲ್ಲರೂ ಅವನನ್ನು ನೋಡಿದರು.

"ನಂಗ್ಯಾವ ಆಡೂ ಇಷ್ಟ ಇಲ್ಲ" ಎಂದ. "ನಂಗೆ ಹೆಂಚು ಇಷ್ಟ. ನಮ್ಮವ್ವ ಮಲಗೋ ಜಾಗದ ಮ್ಯಾಗೆ ಆಕಾಶ ಕಾಣ್ತದೆ."

ಅಷ್ಟು ಹೇಳುವುದಕ್ಕೂ ದೂರದಲ್ಲಿ ಗುಡುಗುವುದಕ್ಕೂ ಸರಿಹೋಯಿತು.

ರಾಮಲಿಂಗಯ್ಯ ಹಿತ್ತಲಿಗೆ ಹೋಗಿ, ಪಂಚೆ ಎತ್ತಿಕಟ್ಟಿ, ಏಣಿ ಹತ್ತಿದ. ಮಾಡಿನ ಮೇಲೆ ಅವನು ಎಂದೂ ಹತ್ತಿದವನಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಏಣಿ ವಾಲಿತು. ಕೆಳಗಿನಿಂದ ಯಾರೋ ಏಣಿಯನ್ನು ಗಟ್ಟಿಯಾಗಿ ಹಿಡಿದರು. ತಿರುಗಿದರೆ ರಂಗನಾಯಕ. ಖಾಕಿ ಅಂಗಿ ಬಿಚ್ಚಿ ಬೇಲಿಗೆ ಹಾಕಿದ್ದ.

"ಅತ್ತಿ ಸಾ. ಮರ ಅತ್ತಿ ಅಭ್ಯಾಸ ಅದೆ ನಂಗೆ. ಐದು ಗಂಟೆಗೆ ಬಸ್ಸು. ಅಷ್ಟ್ರಲ್ಲಿ ಮುಗಿಸ್ಬುಡಣ."

ಎರಡು ಗಂಟೆಗೆ ಅನಸೂಯಮ್ಮ ರೇಡಿಯೋವನ್ನು ಹಿತ್ತಲ ಕಿಟಕಿಗೆ ತಂದಿಟ್ಟು, ದನಿಯ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದಳು. ಕೊಳ್ಳೇಗಾಲ ಇಂಗ್ಲಿಷ್ ಗೀತ ಕೇಳುಗರ ಸಂಘದ ಮೊದಲನೆಯ ಸಭೆ ಹೀಗೆ ದೇವಣ್ಣನ ಮಾಡಿನ ಮೇಲೆ ನಡೆಯಿತು. ವಸಂತಮ್ಮ ಅನಸೂಯಮ್ಮನ ಕೈಗೆ, ಅನಸೂಯಮ್ಮ ಏಣಿಯ ಮೇಲಿದ್ದ ಸುಬ್ಬಯ್ಯನ ಕೈಗೆ, ಸುಬ್ಬಯ್ಯ ಮೇಲಿದ್ದವರಿಗೆ ಹೆಂಚು ಸಾಗಿಸಿದರು. ತಮಟೆಯ ಹಾ‍ಡು ಬಂದಾಗ ಹೆಂಚು ಎಷ್ಟು ಬೇಗ ಮೇಲೆ ಬಂದವೆಂದರೆ ಎರಡು ಒಡೆದವು. ಗಂಟಲು ಒಡೆಯುವವನು ಹಾಡುವಾಗ ರಂಗನಾಯಕ "ಕೇಳಿ ಸಾ, ಈಗ!" ಎಂದು ಕೈಯೆತ್ತುತ್ತಿದ್ದ. ಅದೇ ಕ್ಷಣದಲ್ಲಿ ರಾಮಲಿಂಗಯ್ಯನ ಕೈಯೂ ಎದ್ದಿರುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹುಡುಗರ ಹಾಗೆ ನಗುತ್ತಿದ್ದರು.

"ಅನಸೂಯಾ, ಇನ್ನೊಂದು ಸಾಲು ಕಳ್ಸು!" ಎಂದು ರಾಮಲಿಂಗಯ್ಯ ಆ ಖುಷಿಯಲ್ಲಿ ಕೂಗಿದ. ಕೆಳಗೆ ವಸಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅನಸೂಯಮ್ಮ ಕೆಂಪಾಗಿ, ಒಂದು ಸಾಲಿನ ಬದಲು ಎರಡು ಸಾಲು ಕಳಿಸಿದಳು.

ದೇವಣ್ಣ ಮಾಡಿನ ಇನ್ನೊಂದು ತುದಿಯಲ್ಲಿ ಮುಖ ಗಂಟಿಕ್ಕಿ ಹೆಂಚು ಕೂರಿಸುತ್ತಿದ್ದ. ಮೂರೂವರೆಯ ಹೊತ್ತಿಗೆ, ಗಿಟಾರೊಂದೇ ಮೆಲ್ಲಗೆ, ದೂರದಿಂದ ನಡೆದು ಬರುವವರ ಹಾಗೆ ಶುರುವಾಯಿತು. ರಾಮಲಿಂಗಯ್ಯ ಏನೋ ಹೇಳಲು ಬಾಯಿ ತೆರೆದ.

"ಸ್ವಲ್ಪ ಸುಮ್ಕಿರ್ರಪ್ಪಾ" ಎಂದ ದೇವಣ್ಣ. "ಇದ ಕೇಳ್ಬೇಕು ನಾನು."

ಯಾರೂ ನಗಲಿಲ್ಲ. ನಕ್ಕರೆ ಅವನು ಒಪ್ಪಿಕೊಂಡದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಹಾಡು ಮುಗಿಯುವವರೆಗೆ ಎಲ್ಲರೂ ಹೆಂಚು ಕೈಯಲ್ಲಿ ಹಿಡಿದು ಇದ್ದಲ್ಲೇ ನಿಂತರು. ಕೆಳಗೆ ದೇವೀರಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ಮಗನನ್ನೇ ನೋಡುತ್ತಿದ್ದಳು.

ಕೊನೆಯ ಹೆಂಚು ಕೂತ ಮೇಲೆ ನಾಲ್ಕು ಹನಿ ಬಿತ್ತು. ಮಳೆ ಬಂದೇ ಬಿಟ್ಟಿತೆಂದು ಎಲ್ಲರೂ ಒಳಗೆ ಓಡಿದರು. ಅಷ್ಟರಲ್ಲಿ ಮೋಡ ಯಳಂದೂರಿನ ಕಡೆಗೆ ಹೊರಟುಹೋಯಿತು. ಅನಸೂಯಮ್ಮ ಎಲ್ಲರಿಗೂ ರಾಗಿ ರೊಟ್ಟಿ ಹಾಕಿ ಮೇಲೆ ಜೇನು ಸುರಿದಳು. ರಾಮಲಿಂಗಯ್ಯ ದೇವಣ್ಣನ ಎಲೆಯ ಮುಂದೆ ನಿಂತು ಏನು ಹೇಳಬೇಕೆಂದು ತೋಚದೆ, ಇನ್ನೊಂದು ರೊಟ್ಟಿ ಹಾಕಿದ.

"ಸಾಕು ಕಣ್ಲಾ" ಎಂದ ದೇವಣ್ಣ. ರೊಟ್ಟಿ ಮುರಿಯುತ್ತ, "ಮುಂದ್ಲ ಸಲಿ ಬರ್ಯೋವಾಗ, ಆ ಮೆಲ್ಲುಗ್ ಶುರುವಾಗೋದು ಅದೆಯಲ್ಲ, ಅದ ಕೇಳಿ ಬರಿ" ಎಂದ.

ರಾಮಲಿಂಗಯ್ಯನಿಗೆ ಅಂದು ರೊಟ್ಟಿ ಬೇಕಾಗಲಿಲ್ಲ. ಹೊಟ್ಟೆ ತುಂಬಿತ್ತು.

ಐದು ಗಂಟೆಯ ಬಸ್ಸಿಗೆ ರಂಗನಾಯಕನನ್ನು ಹತ್ತಿಸಲು ಇಡೀ ಸಂಘ ಬಸ್ಸ್ಟ್ಯಾಂಡಿಗೆ ನಡೆಯಿತು. ವಸಂತಮ್ಮ ಬುತ್ತಿ ಕಟ್ಟಿಕೊಟ್ಟಿದ್ದಳು. ಸುಬ್ಬಯ್ಯ ಕೈಚೀಲ ಹೊತ್ತಿದ್ದ. ರಂಗನಾಯಕ ಮೆಟ್ಟಿಲ ಮೇಲೆ ನಿಂತು, ಕಾಗದ ನೋಡದೆಯೇ, ಆರು ಜನರ ಹೆಸರನ್ನೂ ಒಂದೊಂದಾಗಿ ಹೇಳಿ ಒಬ್ಬೊಬ್ಬರಿಗೂ ಕೈಮುಗಿದ. ತಿಂಗಳ ಮೊದಲ ಭಾನುವಾರ ಬರುತ್ತೇನೆ ಎಂದ. ಬಂದೂ ಬಂದ, ಅವನಿಗೆ ಬೇರೆ ಕಡೆ ವರ್ಗವಾಗುವವರೆಗೆ ಏಳು ವರ್ಷ. ಆ ಹೊತ್ತಿಗೆ ಹನೂರಿನಿಂದ ಒಬ್ಬ ಮೇಷ್ಟ್ರೂ ರಾಮಾಪುರದಿಂದ ಒಬ್ಬ ಪೊಲೀಸೂ ಸಂಘಕ್ಕೆ ಸೇರಿದ್ದರು.

ರಾಮಲಿಂಗಯ್ಯ ಏನಾದರೂ ಹೇಳಬೇಕೆಂದು ಕಿಟಕಿಯ ಬಳಿ ಹೋದ. ಇಂಗ್ಲಿಷಿನಲ್ಲಿ ಅದಕ್ಕೊಂದು ಮಾತಿದೆ ಎಂದು ಅವನಿಗೆ ಗೊತ್ತಿತ್ತು. ರೇಡಿಯೋದವನು ದಿನವೂ ಹೇಳುತ್ತಿದ್ದ. ಬಾಯಿಗೆ ಬರಲಿಲ್ಲ. "ಉಸಾರಾಗಿ ಮರ ಅತ್ತಿ" ಎಂದ.

"ಆಗ್ಲಿ ಸಾ" ಎಂದ ರಂಗನಾಯಕ. ಅವನ ಕಣ್ಣು ತುಂಬಿತ್ತು.

ಕಂಡಕ್ಟರು ಸೀಟಿ ಊದುವ ಮುಂಚೆ ಈ ಗುಂಪನ್ನು ನೋಡಿ ಬೆರಗಾದ. ಆ ಬಸ್ಸಿಗೆ ಮದುಮಕ್ಕಳನ್ನು ಹತ್ತಿಸಲೂ ಇಷ್ಟು ಜನ ಬರುತ್ತಿರಲಿಲ್ಲ.

"ಏನಜ್ಜೀ, ನೆಂಟ್ರಾ?" ಎಂದು ಅವನು ದೇವೀರಮ್ಮನನ್ನು ಕೇಳಿದ.

"ಊಂ ಕಣಪ್ಪ."

"ಯಾವ ಕಡೆಯೋರು? ಅಪ್ಪನ ಕಡೆಯೋ, ಅವ್ವನ ಕಡೆಯೋ?"

ಹೊರಟ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆಯುತ್ತ ದೇವೀರಮ್ಮ ಕೂಗಿ ಹೇಳಿದಳು:

"ಎರಡೂ ಅಲ್ಲ ಕಣಪ್ಪ. ಪದದ ಕಡೆಯೋನು!"